ಕುದುರೆಬೆನ್ನಿನ ಕಲ್ಲಾಳುಗಳು

ಗ್ರಾವ್‌ಕಾರ್ ತಂಗುಮನೆ
೧೬ ಜೂನ್ ೧೯೫೬, ಶನಿವಾರ

ಪ್ರೀತಿಯ ಅಣ್ಣ ವಿಗಿಲ್‌ಗೆ,

ಮೊನ್ನೆ ತಂಗುಮನೆಯ ಬೀಗ ತೆಗೆದೆ. ಬೀಗ ತೆಗೆದೆ ಎನ್ನುವುದು ದೊಡ್ಡ ಮಾತು, ಬಾಗಿಲೇ ಇರಲಿಲ್ಲ. ಚಳಿಗಾಲದಲ್ಲಿ ಹಿಮ ಕುಸಿದು ಪಡುವಣ ಗೋಡೆಯನ್ನು ಹಲ್ಲು ಕಿತ್ತ ಹಾಗೆ ಕಿತ್ತುಕೊಂಡು ಹೋಗಿದೆ. ಅಪ್ಪ ಕೂರುತ್ತಿದ್ದ ಬೆಂಚು ಇನ್ನೂರು ಅಡಿ ಕೆಳಗೆ, ಕುಡಿದು ಬಿದ್ದವನಂತೆ ನಾಲ್ಕು ಕಾಲೂ ಮೇಲೆ ಮಾಡಿಕೊಂಡು ಮಲಗಿತ್ತು. ಒಲೆ ಮಾತ್ರ ಜಾಗ ಬಿಟ್ಟು ಕದಲಿಲ್ಲ. ಅದರೊಳಗೆ ಒಂದು ನರಿ ಸತ್ತು ಒಣಗಿತ್ತು. ತೆಗೆದು ಬಿಸಾಕಿ ಬೆಂಕಿ ಹಚ್ಚಿದೆ. ಎರಡು ದಿನ ಗಂಜಿಗೂ ನರಿಯದೇ ವಾಸನೆ.

ನಿನ್ನ ಕೈ ಹೇಗಿದೆ? ಹೋದ ಕಾಗದದಲ್ಲಿ ನೀನು ಕೈಯ ವಿಷಯ ಬಿಟ್ಟು ಊರಿನ ಟ್ರಾಮುಗಳ ವಿಷಯ ಬರೆದಿದ್ದೆ. ನನಗೆ ಟ್ರಾಮು ಕಟ್ಟಿಕೊಂಡು ಏನಾಗಬೇಕು?

ಕೆಳಗಿನ ಸೇತುವೆಯನ್ನು ಕರಗಿದ ನೀರು ಒಯ್ದಿದೆ, ಅಂಚೆ ಹೊರುವ ಹೇಸರಗತ್ತೆ ಈ ಬೇಸಗೆ ಮೇಲೆ ಬರುವುದಿಲ್ಲ. ಆದರೂ ನೀನು ಬರೆಯುವುದು ನಿಲ್ಲಿಸಬೇಡ. ಅಂಚೆಯ ಚೀಲವನ್ನು ಹಗ್ಗದ ಮೇಲೆ ಹೊಳೆ ದಾಟಿಸುತ್ತಾರೆ. ಗುರುವಾರ ಕೆಳಗೆ ಬಂದದ್ದು ಶುಕ್ರವಾರ ನನ್ನ ಕೈ ಸೇರುತ್ತದೆ.

ನೀನಿಲ್ಲದೆ ಈ ಬೆಟ್ಟಗಳು ಒಂದು ಗೇಣು ಕುಳ್ಳಾಗಿವೆ. ಬೇಗ ಗುಣವಾಗು.

ನಿನ್ನ ತಂಗಿ
ಬುರ್ಗಾ


ಇನ್ಸ್‌ಬ್ರುಕ್
೨೩ ಜೂನ್ ೧೯೫೬

ಪ್ರೀತಿಯ ತಂಗಿ,

ನೀನು ಕೈಯ ವಿಷಯ ಕೇಳಿದೆ. ಕೇಳು ಹಾಗಾದರೆ. ಬಲಗೈಯಲ್ಲಿ ಉಳಿದಿರುವುದು ಹೆಬ್ಬೆರಳು ಮತ್ತು ಕಿರುಬೆರಳು. ನಡುವೆ ಇದ್ದ ಮೂರರ ಜಾಗದಲ್ಲಿ ಕೆಂಪಗೆ ಒಂದು ಗಡ್ಡೆ ಇದೆ. ಹೊಗೆ ಹಾಕಿದ ಹಂದಿಯ ತುಂಡಿನಂತೆ ಕಾಣುತ್ತದೆ. ರೈಲು ನಿಲ್ದಾಣದ ಸಾಮಾನು ಕೋಣೆಯಲ್ಲಿ ಎಡಗೈಯಿಂದ ಪೆಟ್ಟಿಗೆ ಎತ್ತುತ್ತೇನೆ, ಎಡಗೈಯಿಂದ ಚೀಟಿ ಕಟ್ಟುತ್ತೇನೆ. ಬೆಟ್ಟಕ್ಕೆ ಹೋಗುವವರು ಹಗ್ಗ, ಹಿಮಗೊಡಲಿ ತಂದು ನನ್ನ ಮುಂದೆ ಇಟ್ಟು ಹೋಗುತ್ತಾರೆ. ಮೊನ್ನೆ ಒಬ್ಬ, ಇದನ್ನು ಜೋಪಾನವಾಗಿ ಹಿಡಿಯಬೇಕು, ಹೀಗೆ, ಎಂದು ನನಗೆ ಕೊಡಲಿ ಹಿಡಿಯುವುದನ್ನು ಕಲಿಸಿದ. ಕಲಿತುಕೊಂಡೆ.

ಹಗಲು ಕಣ್ಣು ಮುಚ್ಚಿದರೂ ಆ ಸೆಪ್ಟೆಂಬರ್ ಬರುತ್ತದೆ. ಗರಗಸ ಬೆಟ್ಟದ ಏಣಿನ ಮೇಲೆ ನಾನು, ಆ ಕಾಸಿಯಾನ್, ಇಬ್ಬರೇ. ಬೆಟ್ಟದಾಡು ಬಿದ್ದದ್ದು ನನ್ನ ಗುಂಡಿಗೆ. ಅವನು ತನ್ನದು ಎಂದ. ನಾನು ಬಗ್ಗಿ ಆಡಿನ ಕೊಂಬು ಹಿಡಿದಿದ್ದೆ, ಹಿಂದಿನಿಂದ ಬಂದು ಕೊಡಲಿಯ ಹಿಂಬದಿಯಿಂದ ಹೊಡೆದ. ಕೈ ಬಂಡೆಯ ಮೇಲಿತ್ತು. ಎರಡನೆಯ ಏಟಿಗೆ ಎಲುಬು ಕಾಯಿ ಒಡೆದ ಹಾಗೆ ಸದ್ದು ಮಾಡಿತು. ಇದನ್ನು ನಿನಗೆ ಎಷ್ಟು ಸಲ ಹೇಳಿದರೂ ನನಗೆ ಸಾಲದು.

ಅವನು ಈ ಬೇಸಗೆ ನಮ್ಮ ಕಡೆ ಸುಳಿಯುತ್ತಾನೆಯೇ? ತಂಗುಮನೆಯ ಪುಸ್ತಕದಲ್ಲಿ ಅವನ ಹೆಸರು ಇದೆಯೇ, ನೋಡಿ ಬರೆ. ಮಂಜು ಬಿದ್ದ ದಿನ ಆಚೆ ಕಣಿವೆಯ ಫೆರ್ನಾಖ್ ಊರಿಂದ ಕುದುರೆಬೆನ್ನಿನ ಘಟ್ಟ ದಾಟಿ ಕಳ್ಳಬೇಟೆಗೆ ಬರುವುದು ಅವನ ಚಾಳಿ. ಮಂಜು ಕಳ್ಳನ ಕಂಬಳಿ.

ನಿನಗೆ ಕುದುರೆಬೆನ್ನಿನಲ್ಲಿ ಏನೂ ಕೆಲಸವಿಲ್ಲ, ಆ ಕಡೆ ಹೋಗಬೇಡ. ಅಲ್ಲಿ ಇನ್ನೂ ಹಳೆಯ ಹಿಮ ಸೊಂಟದವರೆಗೆ ಇದೆ. ನಾನಂತೂ ಈಸ್ಟರ್ ಹಬ್ಬದಿಂದ ಈ ಊರು ಬಿಟ್ಟು ಕದಲಿಲ್ಲ.

ನಿನ್ನ ಅಣ್ಣ
ವಿಗಿಲ್


ಗ್ರಾವ್‌ಕಾರ್ ತಂಗುಮನೆ
೧ ಜುಲೈ ೧೯೫೬

ಪ್ರೀತಿಯ ಅಣ್ಣ,

ಪುಸ್ತಕ ತೆಗೆದು ನೋಡಿದೆ. ಹೆಸರು, ಎಲ್ಲಿಂದ, ಎಲ್ಲಿಗೆ ಎನ್ನುವ ಮೂರು ಅಂಕಣಗಳಲ್ಲಿ ಇದುವರೆಗೆ ಹನ್ನೊಂದು ಜನ ಬರೆದಿದ್ದಾರೆ. ಕಾಸಿಯಾನನ ಹೆಸರು ಇಲ್ಲ.

ಇನ್ನು ಮೇಲೆ ಅವನ ಮಾತು ಬೇಡ, ಬೇರೆ ಕೇಳು. ವಿಯೆನ್ನಾದ ಒಬ್ಬ ಮೇಷ್ಟ್ರು, ಅವರ ಹೆಂಡತಿ ಬಂದು ಮೇಲಿನ ಕೊಳದ ಪಕ್ಕ ಡೇರೆ ಹಾಕಿದ್ದರು. ಮೂರು ದಿನ ಗಾಳಿ ಡೇರೆಯನ್ನು ಕೋಳಿ ಪುಕ್ಕ ತರಿದ ಹಾಗೆ ತರಿಯಿತು. ನಾಲ್ಕನೆಯ ದಿನ ಗರಗಸವನ್ನು ಹಗ್ಗವಿಲ್ಲದೆ ಕೈಕಾಲಲ್ಲಿ ಹತ್ತಿ ಬಂದರು. ಆಕೆಯ ಎರಡೂ ಅಂಗೈ ಸುಲಿದು ರಕ್ತ ಸೋರುತ್ತಿತ್ತು. ಆಕೆ ನಗುತ್ತಿದ್ದಳು, ಗಂಡ ಅಳುತ್ತಿದ್ದ. ಇಬ್ಬರಿಗೂ ಬೇರಿನ ಸಾರಾಯಿ ಕೊಟ್ಟೆ. ಅಂಗೈಗೂ ಅದನ್ನೇ ಸುರಿದೆ, ಆಗ ಆಕೆಯ ನಗು ನಿಂತಿತು.

ಅವರನ್ನು ಆಚೆ ಕಣಿವೆಗೆ ಕಳಿಸಲು ಕುದುರೆಬೆನ್ನಿನವರೆಗೆ ಹೋಗಿದ್ದೆ. ನೀನು ಹಳೆಯ ಹಿಮ ಎಂದಿದ್ದೆಯಲ್ಲ, ಅಲ್ಲಿ ಒಂದು ಹಿಡಿ ಹಿಮವೂ ಇಲ್ಲ, ಬೋಳು ಬಂಡೆ. ಊರಲ್ಲಿ ಕೂತು ಬೆಟ್ಟ ಕಂಡರೆ ಹೀಗೇ ಆಗುವುದು. ಹಾದಿ ತೋರಲು ಅಪ್ಪ ಕಲ್ಲು ಪೇರಿಸಿ ಕಟ್ಟಿದ ನಾಲ್ಕು ಕಲ್ಲಾಳುಗಳೂ ಚಳಿಗಾಲಕ್ಕೆ ಬಿದ್ದುಹೋಗಿವೆ. ಆದರೆ ಯಾರೋ ಪುಣ್ಯಾತ್ಮರು ಹೊಸದಾಗಿ ನಾಲ್ಕು ಕಟ್ಟಿದ್ದಾರೆ. ನಮ್ಮ ಕಡೆ ಇಳಿಯುವಾಗ ನೋಡಿದರೆ ಸ್ವಲ್ಪ ಬಲಕ್ಕೆ ಸರಿದಿವೆ. ಹಳೆಯ ಹಾದಿ ಕುಸಿದಿರಬೇಕು. ಮೊದಲನೆಯದಕ್ಕೆ ಮೂಗೂ ಇದೆ, ಅಣ್ಣ! ನಮ್ಮ ಮನೆಯವರು ಇಡುವ ಹಾಗೆಯೇ, ಇಳಿಯುವ ದಿಕ್ಕಿಗೆ ಚಾಚಿದ ಉದ್ದನೆಯ ಚಪ್ಪಟೆ ಕಲ್ಲು. ಅಪ್ಪನ ಕೈಕೆಳಗೆ ಕಲಿತವರು ಯಾರೋ ಇನ್ನೂ ಇದ್ದಾರೆ ಎಂದು ಎದೆ ತುಂಬಿತು. ದಾಟಿದಾಗಲೆಲ್ಲ ಒಂದು ಕಲ್ಲು ಇಡುತ್ತಿದ್ದೇನೆ, ಮೇಷ್ಟ್ರ ಹೆಂಡತಿಯೂ ಒಂದು ಇಟ್ಟಳು. ಈಗ ನನ್ನ ಸೊಂಟದಷ್ಟು ಎತ್ತರ.

ಮೇಷ್ಟ್ರು ನಕ್ಷೆ ಬಿಡಿಸಿ, ಅಮ್ಮಾ, ನಿಮ್ಮ ಕಲ್ಲುಗಳು ಒಂದು ಕಡೆ ಹೇಳುತ್ತವೆ, ನನ್ನ ನಕ್ಷೆ ಇನ್ನೊಂದು ಕಡೆ ಹೇಳುತ್ತದೆ ಎಂದರು. ನಾನು ಅಪ್ಪನ ಮಾತು ಹೇಳಿದೆ: "ಮನುಷ್ಯ ಕುಡೀತಾನೆ, ನಕ್ಷೆ ಹರಿಯತ್ತೆ, ಕಲ್ಲಾಳು ಮಾತ್ರ ನಿಂತ ಕಡೆ ನಿಂತಿರತ್ತೆ, ಸ್ವಾಮಿ."

ಅದೇ ಸಂಜೆ ಸಿಡಿಲು ಬಡಿಯಿತು. ಫೆರ್ನಾಖಿನವರ ಹತ್ತೊಂಬತ್ತು ಕುರಿ ಒಂದರ ಪಕ್ಕ ಒಂದು ಸತ್ತವು. ಉಣ್ಣೆ ಸುಟ್ಟ ವಾಸನೆ ಇನ್ನೂ ಇದೆ. ಒಂದಕ್ಕೆ ಪ್ರಾಣ ಉಳಿದಿತ್ತು, ಕಣ್ಣು ಮಾತ್ರ ಆಡುತ್ತಿತ್ತು. ಕಲ್ಲಿನಿಂದ ತಲೆ ಜಜ್ಜಿ ಮುಗಿಸಿದೆ. ಮೂರು ಏಟು ಬೇಕಾಯಿತು. ನನ್ನ ಕೈಗೆ ಇಷ್ಟು ಬಲವಿದೆ ಎಂದು ನನಗೇ ಗೊತ್ತಿರಲಿಲ್ಲ.

ಬುರ್ಗಾ


ಇನ್ಸ್‌ಬ್ರುಕ್
೬ ಜುಲೈ ೧೯೫೬

ಬುರ್ಗಾ,

ಆ ಕಲ್ಲಾಳುಗಳ ಮೇಲೆ ಇನ್ನೊಂದು ಕಲ್ಲು ಇಡಬೇಡ. ಅವು ತಪ್ಪು ಜಾಗದಲ್ಲಿವೆ. ನಿಲ್ದಾಣದಲ್ಲಿ ಒಬ್ಬ ಪ್ರಯಾಣಿಕ ಹೇಳಿದ. ನೀನು ಹೋಗಿ ನಾಲ್ಕನ್ನೂ ಒದ್ದು ಕೆಡವಿಬಿಡು. ಯಾಕೆ ಎಂದು ಕೇಳಬೇಡ. ಅಣ್ಣ ಹೇಳಿದ ಮೇಲೆ ಮಾಡಬೇಕು, ಅಷ್ಟೆ.

ಕುದುರೆಬೆನ್ನಿನಲ್ಲಿ ನಿನಗೆ ಏನು ಕೆಲಸ? "ದಾಟಿದಾಗಲೆಲ್ಲ" ಎಂದು ಬರೆದಿದ್ದೀಯೆ. ಎಷ್ಟು ಸಲ ದಾಟಿದೆ? ಯಾರ ಹತ್ತಿರ ಹೋಗುತ್ತೀಯೆ?

ಕೈ ಮತ್ತೆ ಊದಿದೆ. ಆಸ್ಪತ್ರೆಗೆ ಸೇರು ಎನ್ನುತ್ತಿದ್ದಾರೆ.

ವಿಗಿಲ್


ಗ್ರಾವ್‌ಕಾರ್ ತಂಗುಮನೆ
೧೪ ಜುಲೈ ೧೯೫೬, ಶನಿವಾರ

ಅಣ್ಣ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ ಆಯಿತು. ಅಲ್ಲೇ ಕೂತು ಎಲ್ಲ ಕಂಡುಹಿಡಿದುಬಿಟ್ಟಿದ್ದೀಯೆ. ಕಲ್ಲಾಳಿನ ನೆಪ ಯಾಕೆ? ನಾನು ಆಚೆ ಕಣಿವೆಗೆ ಹೋಗದಿರಲಿ ಎಂದು ತಾನೆ? ಕಲ್ಲಾಳು ಕೆಡವಿದ ಕೈ ಕೊಳೆಯುತ್ತದೆ ಎಂದು ಹೇಳಿ ಬೆಳೆಸಿದವನು ನೀನೇ. ನನ್ನಿಂದ ಅದು ಆಗುವುದಿಲ್ಲ.

ಇನ್ನು ಮುಚ್ಚಿಡುವುದಿಲ್ಲ. ನಾನು ಕಾಸಿಯಾನನನ್ನು ಮದುವೆಯಾಗುತ್ತಿದ್ದೇನೆ. ಜುಲೈ ೨೬, ಸಂತ ಅನ್ನಾಳ ಹಬ್ಬದ ದಿನ, ಫೆರ್ನಾಖಿನ ಚರ್ಚಿನಲ್ಲಿ. ಪುಸ್ತಕದಲ್ಲಿ ಅವನ ಹೆಸರು ಇಲ್ಲ ಎಂದದ್ದು ನಿಜ. ಮನೆಯವನು ಹೆಸರು ಬರೆಯುತ್ತಾನೆಯೇ? ಪ್ರತಿ ಶನಿವಾರ ಕುದುರೆಬೆನ್ನು ದಾಟಿ ಬರುತ್ತಾನೆ. ಪಡುವಣ ಗೋಡೆ ಕಟ್ಟಿದವನು ಅವನೇ. ಹೋದ ಶನಿವಾರ ಮೇಲಿನ ಕೊಳದ ಹತ್ತಿರ ಬಂಡೆಯ ಮರೆಯಲ್ಲಿ ಕಂಬಳಿ ಹಾಸಿ ತಂಗಿದ್ದೆವು. ಬೆಳಿಗ್ಗೆ ಎದ್ದು ಗರಗಸ ಹತ್ತಿದೆವು. ನೀನು ನನಗೆ ಕಲಿಸಿದ ಹಿಡಿತಗಳನ್ನು ನಾನು ಅವನಿಗೆ ತೋರಿಸಿದೆ.

ಆ ಏಣಿನ ಮೇಲೆ ಅವನು ಸೆಪ್ಟೆಂಬರಿನ ಕಥೆ ಹೇಳಿದ. ನಾನು ಕೇಳಿದ್ದಕ್ಕೆ ಹೇಳಿದ, ತಾನಾಗಿ ಹೇಳಲಿಲ್ಲ. ಮೊದಲು ಕೊಡಲಿ ಎತ್ತಿದವನು ನೀನು. ಅವನ ತಲೆಗೆ ಎತ್ತಿದ್ದೆ. ಕಿವಿಯ ಹಿಂದೆ ಗಾಯದ ಗುರುತು ಇದೆ, ಬೆರಳಿಟ್ಟು ನೋಡಿದೆ. ಎರಡನೆಯ ಸಲ ಎತ್ತಿದಾಗ ಅವನು ನಿನ್ನ ಕೊಡಲಿ ಹಿಡಿದ ಕೈಗೆ ಹೊಡೆದ. ಕೊಡಲಿ ಬಿಡಲಿಲ್ಲ ಎಂದು ಮತ್ತೆ ಹೊಡೆದ. "ನಿಮ್ಮಣ್ಣ ಅಷ್ಟು ಗಟ್ಟಿಯಾಗಿ ಹಿಡಿದಿದ್ದ ಮಾರಾಯ್ತಿ, ಬೇರೆಯವರಾಗಿದ್ರೆ ಒಂದೇ ಏಟಿಗೆ ಬಿಟ್ಟಿರೋರು" ಎಂದ. ಅದರಲ್ಲೂ ನಿನ್ನನ್ನು ಹೊಗಳಿಯೇ ಹೇಳಿದ.

ನಾನು ನಿನ್ನ ಮೇಲೆ ಕೋಪ ಮಾಡಿಕೊಂಡಿಲ್ಲ. ಇಬ್ಬರೂ ಮನೆಯವರೇ. ಬರುತ್ತೇನೆ ಎಂದು ನಿನಗೆ ಬಾಯಿ ಬಿಟ್ಟು ಹೇಳಲು ಧೈರ್ಯವಿಲ್ಲದಿದ್ದರೆ ನಾನೇ ಹೇಳುತ್ತೇನೆ: ಮದುವೆಗೆ ಬಾ. ನನ್ನನ್ನು ಚರ್ಚಿಗೆ ಕರೆದುಕೊಂಡು ಹೋಗಲು ನೀನಲ್ಲದೆ ಇನ್ನು ಯಾರಿದ್ದಾರೆ?

ಬರುವ ೨೧ರ ಶನಿವಾರ ಅವನು ಕೊನೆಯ ಸಲ ಒಂಟಿಯಾಗಿ ದಾಟುವುದು. ಆಮೇಲೆ ನಾವಿಬ್ಬರೂ ಒಟ್ಟಿಗೆ ಇಳಿಯುತ್ತೇವೆ.

ಬುರ್ಗಾ


ಇನ್ಸ್‌ಬ್ರುಕ್, ಆಸ್ಪತ್ರೆ
೧೭ ಜುಲೈ ೧೯೫೬, ಮಂಗಳವಾರ

ಬುರ್ಗಾ, ಈ ಕಾಗದ ಕೈಗೆ ಬಂದ ಕೂಡಲೇ ಓದು, ಓದಿದ ಕೂಡಲೇ ಹೊರಡು.

ಆ ಕಲ್ಲಾಳುಗಳನ್ನು ಕಟ್ಟಿದವನು ನಾನು. ಜೂನ್ ಮೊದಲ ವಾರ ಯಾರಿಗೂ ತಿಳಿಯದ ಹಾಗೆ ಫೆರ್ನಾಖ್ ಕಡೆಯಿಂದ ಹತ್ತಿ ಬಂದಿದ್ದೆ. ಒಂದು ಬಂಡೆಯ ಕೆಳಗೆ ಮೂರು ದಿನ ಬಿದ್ದುಕೊಂಡಿದ್ದೆ, ಒಲೆ ಹಚ್ಚಲಿಲ್ಲ, ಒಣ ರೊಟ್ಟಿ ತಿಂದೆ. ಅಪ್ಪನ ನಾಲ್ಕನ್ನೂ ಕೆಡವಿದೆ. ಹೊಸ ನಾಲ್ಕನ್ನು ಎಡಗೈ ಒಂದರಲ್ಲೇ ಕಟ್ಟಿದೆ. ಅವು ಹಾದಿಗೆ ಇಳಿಯುವುದಿಲ್ಲ, ಕರಿಗಂಡಿ ಕೊರಕಲಿನ ಬಾಯಿಗೆ ಇಳಿಯುತ್ತವೆ. ನಾಲ್ಕನೆಯದರಿಂದ ಮುಂದಕ್ಕೆ ಎರಡು ಹೆಜ್ಜೆ ಅಷ್ಟೆ. ಬಿಸಿಲಿದ್ದ ದಿನ ಗಂಡಿ ಕಣ್ಣಿಗೆ ಕಂಡು ಕಾಲು ತಾನೇ ಹಾದಿ ಹಿಡಿಯುತ್ತದೆ, ಮಂಜಿನಲ್ಲಿ ಕಾಣುವುದಿಲ್ಲ.

ಬಯಲಿನಿಂದ ಬಂದವರು ಮಂಜಿನಲ್ಲಿ ನಕ್ಷೆ ನೋಡುತ್ತಾರೆ, ಬದುಕುತ್ತಾರೆ. ನಮ್ಮವರು ಕಲ್ಲಾಳು ನೋಡುತ್ತಾರೆ. ನಮ್ಮವರಲ್ಲಿ ಮಂಜಿನಲ್ಲಿ ಅಲ್ಲಿ ಓಡಾಡುವವನು ಅವನೊಬ್ಬನೇ ಎಂದುಕೊಂಡಿದ್ದೆ. ನೀನು ದಾಟುತ್ತೀಯೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ನೀನು ಅದರ ಮೇಲೆ ಕಲ್ಲು ಇಟ್ಟು ಬೆಳೆಸುತ್ತಿದ್ದೀಯೆ ಎಂದು ಓದಿದ ದಿನದಿಂದ ನನ್ನ ಬಾಯಿಗೆ ಅನ್ನ ಸೇರಿಲ್ಲ.

ಮೊದಲು ಕೊಡಲಿ ಎತ್ತಿದ್ದು ನಾನು, ನಿಜ. ಅವನನ್ನು ಕೊಲ್ಲಬೇಕು ಎಂದಿದ್ದೆ, ಈಗ ಬೇಡ ಎನ್ನುತ್ತಿದ್ದೇನೆ. ಅವನ ಮೇಲೆ ಪ್ರೀತಿ ಬಂದು ಅಲ್ಲ, ನಿನಗಾಗಿ. ಸುಳ್ಳು ಯಾಕೆ ಬರೆಯಲಿ?

ನಾಳೆ ಕೈಯನ್ನು ಮಣಿಕಟ್ಟಿನಿಂದ ಕತ್ತರಿಸುತ್ತಾರೆ, ಎದ್ದು ಬರಲಾರೆ. ತಂತಿ ಕೊಡೋಣವೆಂದರೆ ಅದು ಮೊದಲು ಠಾಣೆಯವರ ಕೈಗೆ ಹೋಗುತ್ತದೆ, ಊರೆಲ್ಲ ಓದುತ್ತದೆ. ಅದಕ್ಕೇ ಕಾಗದ. ಲೆಕ್ಕ ಹಾಕಿದ್ದೇನೆ: ಗುರುವಾರ ಕೆಳಗೆ, ಶುಕ್ರವಾರ ಹಗ್ಗದ ಮೇಲೆ ನಿನ್ನ ಕೈಗೆ. ಅವನು ಹೊರಡುವುದು ಶನಿವಾರ. ಒಂದು ಹಗಲು ಉಳಿಯುತ್ತದೆ. ನಾಲ್ಕನ್ನೂ ಕೆಡವಿಬಿಡು. ಪಾಪ ನನ್ನ ತಲೆಗೆ ಬರಲಿ.

ವಿಗಿಲ್


ಗ್ರಾವ್‌ಕಾರ್ ತಂಗುಮನೆ
೨೮ ಜುಲೈ ೧೯೫೬

ವಿಗಿಲ್‌ಗೆ,

ಹಗ್ಗದ ಮೇಲೆ ಯಾವ ಅಂಚೆಯೂ ಬರುತ್ತಿರಲಿಲ್ಲ. ಅದು ನಾನು ಜೂನ್‌ನಲ್ಲಿ ಹೇಳಿದ ಸುಳ್ಳು. ಸೇತುವೆ ಹೋದ ಮೇಲೆ ನನಗೆ ಬರುವ ಕಾಗದಗಳನ್ನು ಸುತ್ತಿ ಬಳಸಿ ಫೆರ್ನಾಖಿಗೆ ಕಳಿಸುತ್ತಿದ್ದರು. ಅಲ್ಲಿಂದ ಮೇಲಕ್ಕೆ ಪ್ರತಿ ಶನಿವಾರ ಕಾಸಿಯಾನ್ ತರುತ್ತಿದ್ದ. ನಿನ್ನ ಕಾಗದಗಳನ್ನೆಲ್ಲ ಅವನೇ ಹೊತ್ತು ತಂದದ್ದು. ನಿನಗೆ ತಿಳಿದರೆ ಬರೆಯುವುದನ್ನೇ ಬಿಡುತ್ತೀಯೆ ಎಂದು ಹಾಗೆ ಹೇಳಿದ್ದೆ. ಆಮೇಲೆ ಮರೆತೇಬಿಟ್ಟಿದ್ದೆ.

೨೧ರಂದು ಬೆಳಗಿನಿಂದಲೇ ಮಂಜು. ನನ್ನ ಕೈ ನನಗೆ ಕಾಣದಷ್ಟು. ಅವನು ಬರಲಿಲ್ಲ. ಮಂಜಿಗೆ ಊರಲ್ಲೇ ಉಳಿದ ಎಂದುಕೊಂಡು ಕ್ನೋಡೆಲ್ ಉಂಡೆಗಳನ್ನು ಬೇಯಿಸಿ ಒಬ್ಬಳೇ ತಿಂದೆ. ಚೆನ್ನಾಗಿ ತಿಂದೆ. ಭಾನುವಾರ ಬೆಳಿಗ್ಗೆ ಬಿಸಿಲು ಬಂತು. ಕರಿಗಂಡಿಯ ಮೇಲೆ ಕಾಗೆಗಳು ಸುತ್ತುತ್ತಿದ್ದವು.

ನಿನಗೆ ಓದಲು ಕಷ್ಟವಾಗುವ ಹಾಗೆಯೇ ಬರೆಯುತ್ತೇನೆ. ಗಂಡಿಯ ತಳದಲ್ಲಿ ಬೆನ್ನು ಕಲ್ಲಿಗೆ ಆನಿಸಿ ಕೂತಿದ್ದ. ಎಡಗಾಲಿನ ಎಲುಬು ಮೊಣಕಾಲ ಕೆಳಗೆ ಚರ್ಮ ಹರಿದು ಹೊರಗೆ ಬಂದಿತ್ತು. ಒಂದು ಕಣ್ಣನ್ನು ಕಾಗೆ ಕುಕ್ಕಿತ್ತು. ಕೈಗೆ ಸಿಕ್ಕ ಕಲ್ಲುಗಳನ್ನೆಲ್ಲ ಕಾಗೆಗಳಿಗೆ ಎಸೆದು ಒಂದನ್ನು ಉಳಿಸಿಕೊಂಡಿದ್ದ. ಉಳಿದ ಕಣ್ಣಲ್ಲಿ ನನ್ನನ್ನು ನೋಡಿದ. ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿತ್ತು. ಒಳಗೆ ಎಲ್ಲ ಒಡೆದಿದೆ ಎಂದು ಮುಟ್ಟಿದಾಗಲೇ ತಿಳಿಯಿತು. ನಾನು ಜನರನ್ನು ಕರೆದು ತರುತ್ತೇನೆ ಎಂದರೆ ಲಂಗದ ಅಂಚು ಬಿಡಲಿಲ್ಲ. ಅಲ್ಲೂ ಅವನಿಗೆ ತಮಾಷೆ:

"ನಿಮ್ಮಪ್ಪನ ಕಲ್ಲಾಳು ಈ ಸಲ ಕುಡಿದಿತ್ತು ಕಣೇ ಬುರ್ಗಾ."

ಆಮೇಲೆ ಹೇಳಿದ. ಮೊದಲನೆಯದರ ಹತ್ತಿರ ಬಂದಾಗ ಕಾಲಿಗೆ ಹಾದಿ ತಪ್ಪಿದೆ ಅನಿಸಿತಂತೆ. ಎಡಕ್ಕೆ ಹೊರಟಿದ್ದನಂತೆ. ಕೈ ಆಡಿಸಿ ನೋಡಿದರೆ ಮೂಗಿನ ಕಲ್ಲು ಸಿಕ್ಕಿತು. "ನಿಮ್ಮ ಮನೆ ಗುರುತಲ್ವಾ, ನನಗಿಂತ ಅದಕ್ಕೇ ಹೆಚ್ಚು ಗೊತ್ತಿರತ್ತೆ ಅಂತ ಬಲಕ್ಕೆ ತಿರುಗಿದೆ" ಎಂದ. ಒಂದು ಕಲ್ಲನ್ನೂ ಇಟ್ಟನಂತೆ.

ಮಧ್ಯಾಹ್ನದ ಹೊತ್ತಿಗೆ ಸತ್ತ. ಸುಲಭವಾಗಿ ಸಾಯಲಿಲ್ಲ. ಆ ಕುರಿಯ ಹಾಗೆ ಮಾಡು ಎಂದು ಎರಡು ಸಲ ಕೇಳಿದ. ಕಲ್ಲು ಎತ್ತಿದೆ, ನನ್ನ ಕೈಯಲ್ಲಿ ಆಗಲಿಲ್ಲ. ಅದಕ್ಕೂ ಸೇರಿಸಿ ನಿನಗೆ ಶಾಪ ಹಾಕುತ್ತಿದ್ದೇನೆ.

ಅವನ ಚೀಲದಲ್ಲಿ ಹಿಟ್ಟಿನೊಳಗೆ ಹುಗಿದ ಹದಿನೆಂಟು ಮೊಟ್ಟೆಗಳಿದ್ದವು, ಒಂದೂ ಒಡೆದಿರಲಿಲ್ಲ. ಮದುವೆಗೆ ನನಗೆ ತಂದ ಶೂಗಳಿದ್ದವು. ನಿನ್ನ ಕಾಗದವಿತ್ತು. ಅವನ ಪಕ್ಕದಲ್ಲೇ ಕೂತು ಓದಿದೆ. ನಾಲ್ಕನ್ನೂ ಕೆಡವಿಬಿಡು ಎಂದು ಬರೆದದ್ದನ್ನು ಬೆನ್ನಿಗೆ ಹೊತ್ತುಕೊಂಡು ಅವನು ಆ ನಾಲ್ಕನ್ನೂ ಹಿಡಿದು ಇಳಿದಿದ್ದ. ತಂತಿ ಕೊಟ್ಟಿದ್ದರೆ ಫೆರ್ನಾಖ್ ಠಾಣೆಯವರು ಅವನ ಮನೆ ಬಾಗಿಲಿಗೇ ಹೋಗಿ ನಿಲ್ಲಿಸುತ್ತಿದ್ದರು. ನಿನಗೆ ಅವನ ತಲೆಗಿಂತ ನಿನ್ನ ಮಾನ ದೊಡ್ಡದಾಯಿತು.

ಹೂತದ್ದು ಸಂತ ಅನ್ನಾಳ ಹಬ್ಬದ ದಿನ. ಅದೇ ಚರ್ಚು, ಅದೇ ಪಾದ್ರಿ. ಹೊಸ ಶೂ ಹಾಕಿಕೊಂಡಿದ್ದೆ.

ಮರುದಿನ ಹೋಗಿ ನಿನ್ನ ಕಲ್ಲಾಳುಗಳನ್ನು ಬಿಚ್ಚಿದೆ. ಒದೆಯಲಿಲ್ಲ, ಒಂದೊಂದೇ ಕಲ್ಲು ತೆಗೆದೆ. ಮೇಲೆ ಅವನದು, ಆಮೇಲೆ ನನ್ನವು, ಮೇಷ್ಟ್ರ ಹೆಂಡತಿಯದು. ಆಕೆಯ ಅಂಗೈಯ ರಕ್ತದ ಕಲೆ ಇತ್ತು. ತಳದಲ್ಲಿ ನಿನ್ನವು. ಎಲ್ಲ ಒಂದೇ ಕೈಗೆ ಹಿಡಿಯುವಷ್ಟು ಸಣ್ಣವು. ಅಂಥ ಸಣ್ಣ ಕಲ್ಲಿಂದ ಕಲ್ಲಾಳು ಯಾರು ಕಟ್ಟುತ್ತಾರೆ ಎಂದು ನಾನು ಮೊದಲ ದಿನವೇ ಯೋಚಿಸಬೇಕಿತ್ತು.

ನಿನ್ನ ಕಾಗದ ನನ್ನ ಹತ್ತಿರ ಇದೆ. ಇನ್ನೂ ಯಾರಿಗೂ ತೋರಿಸಿಲ್ಲ. ನೀನು ಬಾ. ಆಗಸ್ಟ್ ೧೧, ಶನಿವಾರ, ಫೆರ್ನಾಖಿನಿಂದ ಕುದುರೆಬೆನ್ನು ದಾಟಿ, ಒಬ್ಬನೇ, ನಕ್ಷೆ ಇಲ್ಲದೆ. ನಾನು ಬೇರೆ ನಾಲ್ಕು ಕಲ್ಲಾಳುಗಳನ್ನು ಕಟ್ಟಿದ್ದೇನೆ. ಅವು ಎಲ್ಲಿಗೆ ಇಳಿಯುತ್ತವೆ ಎಂದು ಹೇಳುವುದಿಲ್ಲ. ಮಂಜು ಇದ್ದರೆ ಇನ್ನೂ ಒಳ್ಳೆಯದು.

ಬುರ್ಗಾ


ಇನ್ಸ್‌ಬ್ರುಕ್, ಆಸ್ಪತ್ರೆ
೪ ಆಗಸ್ಟ್ ೧೯೫೬

ತಂಗಿ,

ಬರುತ್ತೇನೆ.

ಕೈ ಹೋಯಿತು. ಅಪ್ಪನ ಕಲ್ಲಾಳು ಕೆಡವಿದ್ದು ಎಡಗೈ, ಹೋದದ್ದು ಬಲಗೈ. ಶಾಪಕ್ಕೂ ಮಂಜು ಕವಿದಿತ್ತೇನೋ. ಉಳಿದ ಕೈಯಿಂದ ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿ ಇಲ್ಲಿಯ ದಾದಿಯ ಹತ್ತಿರ ಕೊಟ್ಟಿದ್ದೇನೆ. ಹದಿನೈದರೊಳಗೆ ನಾನು ಠಾಣೆಗೆ ಹೋಗಿ ಹೇಳದಿದ್ದರೆ ಆಕೆ ಅದನ್ನು ಅಂಚೆಗೆ ಹಾಕುತ್ತಾಳೆ. ನಾನು ದಾಟಿದರೂ ದಾಟದಿದ್ದರೂ ಕಾಸಿಯಾನ್ ಕಾಲು ಜಾರಿ ಸತ್ತ ಎಂದು ಯಾರೂ ಹೇಳುವ ಹಾಗಿಲ್ಲ.

ನೀನು ಕಟ್ಟಿದ್ದು ಎಲ್ಲಿಗೆ ಇಳಿದರೂ ಅಲ್ಲಿಗೇ ಇಳಿಯುತ್ತೇನೆ. ಹೆಜ್ಜೆ ಊರಿ ಪರೀಕ್ಷೆ ಮಾಡುವುದಿಲ್ಲ.

ವಿಗಿಲ್


ಫೆರ್ನಾಖ್
೧೩ ಆಗಸ್ಟ್ ೧೯೫೬

ವಿಗಿಲ್‌ಗೆ,

ಠಾಣೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ, ನೀನು ಅಲ್ಲಿದ್ದೀಯೆ ಎಂದು ಹೇಳಿದರು.

ಶನಿವಾರ ನಾನು ಮನೆಯಲ್ಲಿರಲಿಲ್ಲ. ನಾಲ್ಕನೆಯ ಕಲ್ಲಾಳಿನ ನೇರ ಮೇಲೆ, ಬಂಡೆಯ ಅಂಚಿನಲ್ಲಿ ಕೂತಿದ್ದೆ. ಮಡಿಲಲ್ಲಿ ಮನುಷ್ಯರ ತಲೆಯಷ್ಟು ದಪ್ಪ ಕಲ್ಲು ಇತ್ತು. ಬೆಳಗಿನಿಂದ ಅದನ್ನು ಕೆಳಗೆ ಇಟ್ಟಿರಲಿಲ್ಲ, ತೊಡೆ ಮರಗಟ್ಟಿತ್ತು. ಹತ್ತು ಗಂಟೆಗೆ ಮಂಜು ಬಂತು. ಆಮೇಲೆ ನಿನ್ನ ಬೂಟಿನ ಮೊಳೆಗಳ ಸದ್ದು ಬಂತು.

ನಾನು ಕಟ್ಟಿದ್ದು ಅಪ್ಪನ ಹಳೆಯ ಜಾಗದಲ್ಲೇ. ಸಿಟ್ಟಿನಲ್ಲಿ ಬೇರೆ ಕಡೆ ಕಟ್ಟಲು ಹೋಗಿದ್ದೆ, ಮೊದಲ ಕಲ್ಲು ಇಡುವಾಗಲೇ ಆ ಮೇಷ್ಟ್ರ ಹೆಂಡತಿಯ ಅಂಗೈ ನೆನಪಾಯಿತು. ಆ ಹಾದಿಯಲ್ಲಿ ನಾಳೆ ಯಾರು ಬರುತ್ತಾರೋ. ನಿನಗೆ ಹೇಳದೆ ಇದ್ದದ್ದು, ಪ್ರತಿ ಹೆಜ್ಜೆಗೂ ನೀನು ಮನಸ್ಸಿನಲ್ಲಿ ಒಂದು ಸಲ ಬೀಳಲಿ ಎಂದು.

ನೀನು ನಾಲ್ಕಕ್ಕೂ ನಿಂತು, ಕೈಯಿಂದ ತಡಕಾಡಿ, ಒಂದೊಂದು ಕಲ್ಲು ಇಟ್ಟೆ. ಕಲ್ಲು ಕೂರುವ ಸದ್ದು ನಾಲ್ಕು ಸಲ ಕೇಳಿತು. ಕೊನೆಯದರ ಹತ್ತಿರ "ಬುರ್ಗಾ, ಇದೀಯಾ?" ಅಂದೆ. ನಿನ್ನ ಟೋಪಿ ನನ್ನ ಕಾಲ ಕೆಳಗೇ ಇತ್ತು. ಕೈ ಬಿಟ್ಟಿದ್ದರೆ ಸಾಕಿತ್ತು, ಎಸೆಯುವುದೂ ಬೇಕಿರಲಿಲ್ಲ. ಎಷ್ಟು ಹೊತ್ತು ಹಾಗೆ ಹಿಡಿದಿದ್ದೆನೋ ತಿಳಿಯದು. ನೀನು ಎರಡನೆಯ ಸಲ ಕರೆಯಲಿಲ್ಲ, ನಡೆದೆ. ಕರೆದಿದ್ದರೆ ಬಿಡುತ್ತಿದ್ದೆ.

ಮನೆಗೆ ಬಂದರೆ ಬಾಗಿಲ ಬಳಿ ಪುಸ್ತಕ ತೆರೆದಿತ್ತು. ಹೆಸರು: ವಿಗಿಲ್. ಎಲ್ಲಿಂದ: ಕುದುರೆಬೆನ್ನು. ಎಲ್ಲಿಗೆ: ಠಾಣೆ. ಎಡಗೈಯ ಅಕ್ಷರ, ಮಗುವಿನ ಬರಹದ ಹಾಗೆ. ಅದರ ಮೇಲಿನ ಸಾಲಿನಲ್ಲಿ ನಾನು ಕಾಸಿಯಾನನ ಹೆಸರು ಬರೆದೆ. ಎಲ್ಲಿಂದ: ಫೆರ್ನಾಖ್. ಎಲ್ಲಿಗೆ: ಮನೆಗೆ.

ಆ ದೊಡ್ಡ ಕಲ್ಲನ್ನು ನಾಲ್ಕನೆಯ ಕಲ್ಲಾಳಿನ ಮೇಲೆ ಇಡಲು ಹೋದೆ. ಭಾರಕ್ಕೆ ತಲೆ ಕುಸಿದು ಬಿತ್ತು. ಪೂರ್ತಿ ಬಿಚ್ಚಿ, ಅದನ್ನು ತಳಕ್ಕೆ ಹಾಕಿ ಮತ್ತೆ ಕಟ್ಟಿದೆ. ನೀನು ಇಟ್ಟ ಸಣ್ಣದನ್ನೂ ಎಸೆಯಲಿಲ್ಲ.

ಈ ಕಾಗದವನ್ನು ನಾನೇ ಹೊತ್ತು ತಂದು ಇಲ್ಲಿಯ ಅಂಚೆಗೆ ಹಾಕುತ್ತಿದ್ದೇನೆ. ನೀನು ಉತ್ತರ ಬರೆಯಬೇಡ. ಸೇತುವೆ ಇನ್ನೂ ಆಗಿಲ್ಲ. ಮೇಲಕ್ಕೆ ತಂದುಕೊಡುವವರು ಯಾರೂ ಇಲ್ಲ.

ಬುರ್ಗಾ